ನೂಲು ಕಡಿದಾಗ ನಿಲ್ಲುವ ಮಗ್ಗ

ಹೇರಳವಾದ ಐಶ್ವರ್ಯ ಒಂದು ಕಡೆ, ಒಳ್ಳೆಯ ಹೆಸರು ಇನ್ನೊಂದು ಕಡೆ ಇದ್ದರೆ ವಿವೇಕಿಯಾದವನು ಯಾವುದನ್ನು ಆರಿಸಿಕೊಳ್ಳಬೇಕು ಎಂಬುದನ್ನು ಜ್ಞಾನೋಕ್ತಿಗಳ ಗ್ರಂಥ ತನ್ನ 22ನೆಯ ಅಧ್ಯಾಯದ ಆರಂಭದಲ್ಲೇ ತಿಳಿಸುತ್ತದೆ. ಇದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಹೊಟ್ಟೆಗೆ ಇಲ್ಲದಿದ್ದರೂ ಮರ್ಯಾದೆಗೆ ಕುಂದು ಬರಬಾರದು ಎಂದು ಬಾಳಿದ ಅಜ್ಜ ಅಜ್ಜಿಯರ ಮೊಮ್ಮಕ್ಕಳು ನಾವು. ಹೆಣ್ಣು ಕೊಡುವಾಗ, ಹೆಣ್ಣು ತರುವಾಗ ಮೊದಲು ವಿಚಾರಿಸುವುದು ಮನೆತನದ ಹೆಸರನ್ನೇ. ಆದರೆ ಹೆಸರು ಗಳಿಸುವ ಬಗ್ಗೆ ಇಷ್ಟೆಲ್ಲ ಮಾತನಾಡುವ ನಾವು, ಗಳಿಸಿದ ಹೆಸರು ನಮ್ಮನ್ನು ಏನು ಮಾಡುತ್ತದೆ ಎಂದು ಕೇಳಿಕೊಳ್ಳುವುದು ಕಡಿಮೆ. ಒಳ್ಳೆಯ ಹೆಸರು ಮನುಷ್ಯನನ್ನು ಒಳ್ಳೆಯವನನ್ನಾಗಿ ಉಳಿಸುತ್ತದೆಯೇ? ಅಥವಾ ಕೆಟ್ಟದ್ದನ್ನು ಮುಚ್ಚಿಡಲು ಕಲಿಸುತ್ತದೆಯೇ?

ಈ ಪ್ರಶ್ನೆಯನ್ನು ಒಂದು ಕಾರು ಕಂಪನಿಯ ಚರಿತ್ರೆಯ ಮೂಲಕ ನೋಡೋಣ. ಕುಟುಂಬ ಮತ್ತು ವಿಶ್ವಾಸದ ಪುಟದಲ್ಲಿ ಕಾರು ಕಂಪನಿಗೇನು ಕೆಲಸ ಎಂದು ಪ್ರಿಯ ಓದುಗರು ಹುಬ್ಬೇರಿಸಬಾರದು. ಹೆಸರಿನ ಬಲದ ಮೇಲೆಯೇ ಬೆಳೆದ, ಹೆಸರಿನ ಭಾರದ ಅಡಿಯಲ್ಲೇ ಎಡವಿದ ಸಂಸ್ಥೆ ಅದು. ಜಪಾನಿನ ಟೊಯೋಟ. ನಮಗೆ ದೂರದ್ದೂ ಅಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಬಿಡದಿಯ ಬಳಿ ಕಿರ್ಲೋಸ್ಕರ್ ಸಂಸ್ಥೆಯ ಜೊತೆಗೂಡಿ 1997ರಲ್ಲಿ ಅದು ನೆಲೆಯೂರಿತು. 2000ದಲ್ಲಿ ಅಲ್ಲಿಂದ ಹೊರಬಂದ ಕ್ವಾಲಿಸ್, 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾ ಗಾಡಿಗಳಲ್ಲಿ ಕುಳಿತು ಮದುವೆಗೋ ಯಾತ್ರೆಗೋ ಹೋಗದವರು ನಮ್ಮಲ್ಲಿ ಕಡಿಮೆ. ‘ಟೊಯೋಟ ಅಲ್ಲವೇ, ಕೈಕೊಡುವುದಿಲ್ಲ ಬಿಡಿ’ ಎನ್ನುವ ಚಾಲಕರ ಮಾತನ್ನು ಕೇಳದವರು ಇನ್ನೂ ಕಡಿಮೆ.

ಈ ನಂಬಿಕೆಯ ಬೇರು ಕಾರಿನಲ್ಲಿ ಇಲ್ಲ, ಮಗ್ಗದಲ್ಲಿದೆ. ಸಾಕಿಚಿ ಟೊಯೋಡ 1867ರಲ್ಲಿ ಜಪಾನಿನ ಒಂದು ಹಳ್ಳಿಯಲ್ಲಿ ಹುಟ್ಟಿದವರು. ತಂದೆ ಬಡಗಿ. (ಬಡಗಿಯ ಮಗ ಎಂದೊಡನೆ ನಮ್ಮ ಮನಸ್ಸು ನಜರೇತಿಗೆ ಹೋಗುವುದು ಸಹಜ. ಸಾಕಿಚಿ ಕ್ರೈಸ್ತರಲ್ಲ. ಆದರೂ ಸಂತ ಜೋಸೆಫರ ಕೆಲಸದ ಮನೆಯ ವಾಸನೆ ಅವರಿಗೆ ಅಪರಿಚಿತವಾಗಿರಲಾರದು.) ತಾಯಿ ಮಗ್ಗದ ಮುಂದೆ ಕುಳಿತು ಪಡುವ ಪಾಡನ್ನು ಕಂಡ ಮಗ ಮಗ್ಗವನ್ನೇ ಸುಧಾರಿಸಲು ಹೊರಟರು. 1891ರಲ್ಲಿ ಕೈಮಗ್ಗಕ್ಕೆ ಪೇಟೆಂಟು ಪಡೆದರು. ಮುಂದೆ ಯಂತ್ರದ ಮಗ್ಗ ಬಂತು. 1924ರ ಹೊತ್ತಿಗೆ, ಮಗ ಕಿಯಿಚಿರೊ ಕೂಡ ಕೈಜೋಡಿಸಿದ ಮೇಲೆ, ತಾನೇ ಲಾಳಿ ಬದಲಿಸಿಕೊಳ್ಳುವ ಪೂರ್ಣ ಸ್ವಯಂಚಾಲಿತ ಮಗ್ಗ ಸಿದ್ಧವಾಯಿತು.

ಅದರಲ್ಲಿ ನಾವು ಗಮನಿಸಬೇಕಾದದ್ದು ವೇಗವನ್ನಲ್ಲ. ಯಂತ್ರದ ಮಗ್ಗಕ್ಕೆ ಒಂದು ಕೆಟ್ಟ ಗುಣವಿತ್ತು. ಹಾಸಿನ ಒಂದು ಎಳೆ ಕಡಿದರೂ ಅದಕ್ಕೆ ತಿಳಿಯುತ್ತಿರಲಿಲ್ಲ. ಟಕಟಕ ಎಂದು ನೇಯುತ್ತಲೇ ಹೋಗುತ್ತಿತ್ತು. ಗಜಗಟ್ಟಲೆ ಹಾಳು ಬಟ್ಟೆ ಸುತ್ತಿಕೊಂಡ ಮೇಲೆ ಯಾರೋ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದರು. ಆದ್ದರಿಂದ ಪ್ರತಿ ಮಗ್ಗದ ಬಳಿಯೂ ಕಾವಲಿಗೆ ಒಬ್ಬರು ನಿಲ್ಲಬೇಕಾಗಿತ್ತು. ಸಾಕಿಚಿ ಮಾಡಿದ ಉಪಾಯ ಸರಳವಾದದ್ದು. ಹಾಸಿನ ಒಂದೊಂದು ಎಳೆಯ ಮೇಲೂ ಒಂದೊಂದು ತೆಳು ಲೋಹದ ಪಟ್ಟಿ. ಎಳೆ ಬಿಗಿಯಾಗಿರುವವರೆಗೆ ಪಟ್ಟಿ ಮೇಲೇ ಇರುತ್ತದೆ. ಎಳೆ ಕಡಿದರೆ ಪಟ್ಟಿ ಕೆಳಗೆ ಬೀಳುತ್ತದೆ, ಮಗ್ಗ ನಿಂತುಬಿಡುತ್ತದೆ. ಹೊಕ್ಕಿನ ನೂಲು ತಪ್ಪಿದರೂ ಹಾಗೆಯೇ. ನಿಂತ ಮಗ್ಗದ ಬಳಿಗೆ ಮಾತ್ರ ಜನ ಹೋದರೆ ಸಾಕು. ಒಬ್ಬ ಕೆಲಸಗಾರ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು. ಆಗ ಜವಳಿ ಯಂತ್ರಗಳಿಗೆ ಜಗತ್ಪ್ರಸಿದ್ಧವಾಗಿದ್ದ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ 1929ರಲ್ಲಿ ಒಂದು ಲಕ್ಷ ಪೌಂಡಿಗೆ ಈ ಮಗ್ಗದ ಹಕ್ಕನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು.

ತಪ್ಪು ಕಂಡೊಡನೆ ತಾನೇ ನಿಲ್ಲುವ ಈ ಗುಣಕ್ಕೆ ಟೊಯೋಟದವರು ‘ಜಿದೋಕ’ ಎನ್ನುತ್ತಾರೆ. ಸ್ವಯಂಚಲನೆ ಎಂಬ ಜಪಾನಿ ಮಾತೇ ಅದು. ಆದರೆ ಬರೆಯುವಾಗ ಚಲನೆ ಎಂಬ ಅಕ್ಷರದ ಪಕ್ಕದಲ್ಲಿ ಮನುಷ್ಯ ಎಂಬ ಗುರುತನ್ನು ಸೇರಿಸಿ ಬರೆಯುತ್ತಾರೆ. ಓಡುತ್ತಲೇ ಇರುವುದು ಯಂತ್ರದ ಗುಣ. ತಪ್ಪಾಯಿತೆಂದು ನಿಲ್ಲುವುದು ಮನುಷ್ಯನ ಗುಣ. ಇದನ್ನು ಓದಿದಾಗ ಅಂತಃಸಾಕ್ಷಿಗೆ ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಕ್ಕುವುದು ಕಷ್ಟ ಎನಿಸಿತು. ರಾತ್ರಿಯ ಆತ್ಮಶೋಧನೆಯಲ್ಲಿ ನಾವು ಮಾಡಬೇಕಾದದ್ದೂ ಇದೇ ಅಲ್ಲವೇ? ಗಜಗಟ್ಟಲೆ ನೇಯುವ ಮುನ್ನ ನಿಲ್ಲುವುದು.

ಕಿಯಿಚಿರೊ ಕಾರಿನ ಕನಸು ಕಂಡವರು. 1933ರಲ್ಲಿ ಮಗ್ಗದ ಕಾರ್ಖಾನೆಯಲ್ಲೇ ಮೋಟಾರು ವಿಭಾಗ ತೆರೆದರು. 1937ರಲ್ಲಿ ಅದು ಬೇರೆ ಕಂಪನಿಯಾಯಿತು. ಅಷ್ಟರಲ್ಲಿ ಟೊಯೋಡ ಎಂಬ ಮನೆತನದ ಹೆಸರು ಟೊಯೋಟ ಆಗಿತ್ತು. ಜಪಾನಿ ಲಿಪಿಯಲ್ಲಿ ಎಂಟು ಗೀರುಗಳಲ್ಲಿ ಬರೆಯಬಹುದು, ಎಂಟು ಶುಭಸಂಖ್ಯೆ ಎಂಬುದು ಒಂದು ಕಾರಣ. ಆದರೆ ಆರಂಭದಲ್ಲಿ ಆ ಹೆಸರಿಗೆ ಬೆಲೆಯೇನೂ ಇರಲಿಲ್ಲ. 1935ರ ಮೊದಲ ಟ್ರಕ್ಕುಗಳು ದಾರಿಯಲ್ಲೇ ಕೆಟ್ಟು ನಿಲ್ಲುತ್ತಿದ್ದವು. ಕೆಟ್ಟಲ್ಲಿಗೆ ಹೋಗಿ ರಿಪೇರಿ ಮಾಡಿಕೊಡುವುದೇ ಒಂದು ಕೆಲಸವಾಗಿತ್ತು. 1957ರಲ್ಲಿ ಅಮೆರಿಕಕ್ಕೆ ಕಳುಹಿಸಿದ ಕ್ರೌನ್ ಕಾರು ಅಲ್ಲಿನ ಹೆದ್ದಾರಿಯ ವೇಗಕ್ಕೆ ಏದುಸಿರು ಬಿಟ್ಟಿತು. 1960ರಲ್ಲಿ ಅದರ ರಫ್ತನ್ನೇ ನಿಲ್ಲಿಸಿ ಮನೆಗೆ ಮರಳಿ ಪಾಠ ಕಲಿಯಬೇಕಾಯಿತು. ಮುಚ್ಚಿಡಬೇಕಾದ ಹೆಸರು ಇಲ್ಲದಿದ್ದಾಗ ತಪ್ಪು ಒಪ್ಪಿಕೊಳ್ಳುವುದು ಎಷ್ಟು ಸುಲಭ ನೋಡಿ!

ಮಗ್ಗದ ಪಾಠವನ್ನು ಕಾರಿನ ಕಾರ್ಖಾನೆಗೆ ತಂದವರಲ್ಲಿ ಮುಖ್ಯರಾದವರು ತೈಚಿ ಓನೊ. ಅವರೂ ಮೊದಲು ಜವಳಿ ಗಿರಣಿಯಲ್ಲಿದ್ದವರೇ. ಕಾರುಗಳು ಸಾಲಾಗಿ ಸಾಗುವ ಜಾಗದಲ್ಲಿ ಕೆಲಸಗಾರನ ಕೈಗೆ ಎಟಕುವಂತೆ ಒಂದು ಹಗ್ಗ. ಏನಾದರೂ ಸರಿಯಿಲ್ಲವೆಂದು ಕಂಡರೆ ಯಾವ ಸಾಮಾನ್ಯ ಕೆಲಸಗಾರನಾದರೂ ಅದನ್ನು ಎಳೆಯಬಹುದು. ದೀಪ ಹತ್ತುತ್ತದೆ, ಮೇಲ್ವಿಚಾರಕ ಓಡಿ ಬರುತ್ತಾನೆ. ಬೇಗ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಆಗ ಬೇರೆ ಕಾರ್ಖಾನೆಗಳಲ್ಲಿ ಸಾಲು ನಿಲ್ಲಿಸುವುದೆಂದರೆ ಮಹಾಪರಾಧ. 1984ರಲ್ಲಿ ಜನರಲ್ ಮೋಟಾರ್ಸ್ ಜೊತೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಮುಚ್ಚಿಹೋಗಿದ್ದ ಕಾರ್ಖಾನೆಯೊಂದನ್ನು ಟೊಯೋಟ ಮತ್ತೆ ತೆರೆದಾಗ, ಹಳೆಯ ಕೆಲಸಗಾರರಿಗೆ ಕಲಿಸಬೇಕಾದ ಪಾಠಗಳಲ್ಲಿ ಹೆದರದೆ ಹಗ್ಗ ಎಳೆಯುವುದೂ ಒಂದಾಗಿತ್ತು.

ಹಗ್ಗ ಎಳೆದ ಮೇಲೆ ‘ಏಕೆ’ ಎಂದು ಐದು ಸಲ ಕೇಳಬೇಕೆಂದು ಓನೊ ಹೇಳುತ್ತಿದ್ದರು. ಯಂತ್ರ ಏಕೆ ನಿಂತಿತು? ಫ್ಯೂಸ್ ಹೋಯಿತು. ಫ್ಯೂಸ್ ಏಕೆ ಹೋಯಿತು? ಎಣ್ಣೆ ಸಾಲದೆ ಭಾರ ಬಿತ್ತು. ಹೀಗೆ ಕೇಳುತ್ತಾ ಹೋದರೆ ಕೊನೆಗೆ ಪಂಪಿನ ಬಾಯಿಗೆ ಜರಡಿ ಇಲ್ಲದ್ದರಿಂದ ಲೋಹದ ಚೂರು ಒಳಹೊಕ್ಕದ್ದು ತಿಳಿಯುತ್ತದೆ. ಫ್ಯೂಸ್ ಮಾತ್ರ ಬದಲಿಸಿದ್ದರೆ ನಾಳೆ ಮತ್ತೆ ಅದೇ ಕಥೆ. ತಿಂಗಳು ತಿಂಗಳೂ ಅದೇ ಪಾಪವನ್ನು ಅದೇ ಮಾತುಗಳಲ್ಲಿ ನಿವೇದಿಸಿ ಬರುವ ನಮಗೆ ಈ ಪದ್ಧತಿ ಉಪಯೋಗಕ್ಕೆ ಬಂದೀತು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಕಾರ್ಖಾನೆಯಲ್ಲಿ ‘ಯಾರು’ ಎಂದು ಕೇಳಬಾರದು, ‘ಏಕೆ’ ಎಂದೇ ಕೇಳಬೇಕು. ಪಾಪನಿವೇದನೆ ಶುರುವಾಗುವುದೇ ‘ನಾನು’ ಎಂಬ ಮಾತಿನಿಂದ. ಪಾಪಕ್ಕೆ ಪರಿಸ್ಥಿತಿ ಕಾರಣವಾಗಿರಬಹುದು. ಆದರೆ ಪರಿಸ್ಥಿತಿ ಬಂದು ಮೊಣಕಾಲೂರುವುದಿಲ್ಲ.

ಇಷ್ಟೆಲ್ಲ ಶ್ರದ್ಧೆಯಿಂದ ಗಳಿಸಿದ ಹೆಸರು ಅದು. 1989ರಲ್ಲಿ ಲೆಕ್ಸಸ್ ಎಂಬ ದುಬಾರಿ ಕಾರನ್ನು ಅಮೆರಿಕದಲ್ಲಿ ಮಾರಲು ತೊಡಗಿದ ಕೆಲವೇ ತಿಂಗಳಲ್ಲಿ ಬೆರಳೆಣಿಕೆಯ ದೂರು ಬಂತು. ಕಂಪನಿ ಸುಮ್ಮನಿರಬಹುದಾಗಿತ್ತು. ಬದಲಾಗಿ ಮಾರಿದ ಸುಮಾರು 8,000 ಕಾರುಗಳನ್ನೂ ಹಿಂದಕ್ಕೆ ಕರೆಸಿ, ಎಷ್ಟೋ ಕಡೆ ಮನೆಬಾಗಿಲಿಗೆ ಹೋಗಿ, ಸರಿಮಾಡಿಕೊಟ್ಟಿತು. ಹೊಸ ಹೆಸರು ಹೋಯಿತೆಂದೇ ಎಲ್ಲರೂ ತಿಳಿದಿದ್ದರು. ಆದರೆ ಅದರಿಂದಲೇ ಹೆಸರು ಬಂತು.

ಇಪ್ಪತ್ತು ವರ್ಷ ಕಳೆಯಿತು. 2008ರಲ್ಲಿ ಟೊಯೋಟ ಜಗತ್ತಿನಲ್ಲೇ ಅತಿ ಹೆಚ್ಚು ಕಾರು ಮಾರುವ ಕಂಪನಿಯಾಯಿತು. ಮರುವರ್ಷ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಸಾನ್ ಡಿಯೇಗೊ ಬಳಿ ಒಂದು ಲೆಕ್ಸಸ್ ಕಾರು ಹತೋಟಿ ತಪ್ಪಿ ನಾಲ್ವರು ಸತ್ತರು. ಆ ಕಾರಿಗೆ ಸೇರದ ರಬ್ಬರಿನ ಕಾಲುಚಾಪೆಯೊಂದು ವೇಗದ ಪೆಡಲನ್ನು ಹಿಡಿದುಕೊಂಡಿತ್ತು. ಬಳಿಕ ಒಂದರ ಹಿಂದೆ ಒಂದರಂತೆ ಲಕ್ಷಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಯಬೇಕಾಯಿತು. 2010ರ ಫೆಬ್ರುವರಿಯಲ್ಲಿ ಕಂಪನಿಯ ಅಧ್ಯಕ್ಷರಾಗಿದ್ದ ಅಕಿಯೊ ಟೊಯೋಡ, ಕಿಯಿಚಿರೊ ಅವರ ಮೊಮ್ಮಗ, ಅಮೆರಿಕದ ಸಂಸದರ ಮುಂದೆ ಕುಳಿತು ಕ್ಷಮೆ ಕೇಳಿದರು. ಕಂಪನಿ ತೀರಾ ವೇಗವಾಗಿ ಬೆಳೆಯಿತು, ಯಾವುದು ಮೊದಲು ಯಾವುದು ಆಮೇಲೆ ಎಂಬುದು ಗಲಿಬಿಲಿಯಾಯಿತು ಎಂಬುದು ಅವರ ಹೇಳಿಕೆಯ ಸಾರ.

ಇಲ್ಲಿ ನಾವೂ ನ್ಯಾಯವಾಗಿ ಮಾತನಾಡಬೇಕು. ಎಂಟನೆಯ ಕಟ್ಟಳೆಯನ್ನು ವಿವರಿಸುವಾಗ ಧರ್ಮಸಭೆಯ ಧರ್ಮೋಪದೇಶ ಗ್ರಂಥ, ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರ ಮೇಲೆ ತಪ್ಪು ಹೊರಿಸುವುದನ್ನೂ ಪಾಪದ ಪಟ್ಟಿಯಲ್ಲೇ ಸೇರಿಸುತ್ತದೆ. ಆ ದಿನಗಳಲ್ಲಿ ಕಾರಿನ ಇಲೆಕ್ಟ್ರಾನಿಕ್ ಮೆದುಳೇ ಕೆಟ್ಟಿದೆ ಎಂಬ ಗುಲ್ಲೆದ್ದಿತ್ತು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ತಜ್ಞರಿಂದಲೇ ಪರೀಕ್ಷೆ ನಡೆಯಿತು. 2011ರಲ್ಲಿ ಬಂದ ವರದಿ ಅಂಥ ದೋಷ ಸಿಕ್ಕಲಿಲ್ಲ ಎಂದಿತು. ಆದರೂ 2013ರಲ್ಲಿ ಓಕ್ಲಹೋಮಾದ ಒಂದು ಜ್ಯೂರಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. ವಾದ ಪೂರ್ತಿ ಮುಗಿಯಲಿಲ್ಲ. ಆದರೆ ನಮ್ಮ ಪ್ರಶ್ನೆಗೆ ಮುಖ್ಯವಾದದ್ದು 2014ರಲ್ಲಿ ನಡೆದದ್ದು. ಕಾಲುಚಾಪೆ ಮತ್ತು ಸಿಕ್ಕಿಕೊಳ್ಳುವ ಪೆಡಲಿನ ವಿಷಯದಲ್ಲಿ ತಾನು ಗ್ರಾಹಕರಿಗೆ ದಾರಿತಪ್ಪಿಸುವ ಮಾತು ಹೇಳಿದ್ದನ್ನು ಟೊಯೋಟ ಒಪ್ಪಿಕೊಂಡು 120 ಕೋಟಿ ಡಾಲರ್ ದಂಡ ತೆತ್ತಿತು. ಪೆಡಲು ಸಿಕ್ಕಿಕೊಂಡದ್ದು ಯಂತ್ರದ ತಪ್ಪು. ಗೊತ್ತಿದ್ದೂ ಎಲ್ಲ ಸರಿಯಿದೆ ಎಂದದ್ದು ಬೇರೆ ಜಾತಿಯ ತಪ್ಪು. ಎಳೆ ಕಡಿದಿತ್ತು, ಪಟ್ಟಿ ಬಿದ್ದಿತ್ತು, ಆದರೆ ಈ ಸಲ ಮಗ್ಗ ನಿಲ್ಲಲಿಲ್ಲ.

ಏಕೆ ನಿಲ್ಲಲಿಲ್ಲ? ಹೆಸರು ಕೆಡುವ ಭಯ. 1935ರಲ್ಲಿ ಇಲ್ಲದ ಭಯ.

ಸಂತ ಅಗುಸ್ತೀನರು ತಮ್ಮ ಒಂದು ಪ್ರಬೋಧನೆಯಲ್ಲಿ ಇಲ್ಲಿ ಸಹಾಯಕ್ಕೆ ಬರುವ ವಿಚಾರವೊಂದನ್ನು ಹೇಳಿದ್ದಾರೆ. ಅಂತಃಸಾಕ್ಷಿ ಮತ್ತು ಹೆಸರು ಎರಡು ಬೇರೆ ಬೇರೆ ವಸ್ತುಗಳು, ಅಂತಃಸಾಕ್ಷಿ ಬೇಕಾಗಿರುವುದು ನಮಗಾಗಿ, ಹೆಸರು ಬೇಕಾಗಿರುವುದು ನೆರೆಯವರಿಗಾಗಿ ಎಂಬುದು ಅವರ ತಾತ್ಪರ್ಯ. ಇದನ್ನು ಸ್ವಲ್ಪ ಧ್ಯಾನಿಸಿ ನೋಡಿ. ನಾವು ಹೆಸರನ್ನು ನಮ್ಮ ಆಸ್ತಿ ಎಂದುಕೊಂಡಿದ್ದೇವೆ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಚಿನ್ನದ ಹಾಗೆ. ಅಗುಸ್ತೀನರ ಪ್ರಕಾರ ಅದು ನಮ್ಮನ್ನು ನಂಬಿ ಬಾಳುವವರ ಉಪಯೋಗಕ್ಕೆ ಇರುವಂಥದು. ವೈದ್ಯನಿಗೆ ಒಳ್ಳೆಯ ಹೆಸರು ಇರಬೇಕಾದದ್ದು ರೋಗಿ ಧೈರ್ಯವಾಗಿ ಬರಲೆಂದು. ಕಾರಿಗೆ ಒಳ್ಳೆಯ ಹೆಸರು ಇರಬೇಕಾದದ್ದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟವನು ನಿಶ್ಚಿಂತೆಯಿಂದ ಇರಲೆಂದು. ಹಾಗಿದ್ದ ಮೇಲೆ, ತಪ್ಪನ್ನು ಮುಚ್ಚಿಟ್ಟು ಹೆಸರನ್ನು ಉಳಿಸಿಕೊಳ್ಳುವವನು ತನ್ನ ವಸ್ತುವನ್ನು ಕಾಪಾಡಿಕೊಳ್ಳುತ್ತಿಲ್ಲ, ನೆರೆಯವನದನ್ನು ಕದಿಯುತ್ತಿದ್ದಾನೆ. ಏಳನೆಯ ಕಟ್ಟಳೆಯೂ ಎಂಟನೆಯದೂ ಇಲ್ಲಿ ಒಟ್ಟಿಗೇ ಮುರಿಯುತ್ತವೆ.

ದಾವೀದ ಅರಸ ಮಾಡಿದ್ದೂ ಅದೇ. ಮೊದಲ ಪಾಪ ಮೋಹದಿಂದಾಯಿತು. ಊರೀಯನನ್ನು ಯುದ್ಧದ ಮುಂಚೂಣಿಗೆ ಕಳುಹಿಸಿ ಕೊಲ್ಲಿಸಿದ್ದು ಹೆಸರಿಗಾಗಿ. ಪ್ರವಾದಿ ನಾತಾನ ಬಂದು ಹಗ್ಗ ಎಳೆಯುವವರೆಗೆ ಅರಮನೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ.

ಹಗ್ಗ ಇದ್ದರೆ ಸಾಲದು, ಎಳೆಯುವ ಧೈರ್ಯವನ್ನು ಉಳಿಸಬೇಕು. ಟೊಯೋಟಕ್ಕೆ ಪೂರ್ತಿಯಾಗಿ ಸೇರಿದ ದೈಹತ್ಸು ಎಂಬ ಸಣ್ಣ ಕಾರುಗಳ ಕಂಪನಿಯಲ್ಲಿ 2023ರಲ್ಲಿ ಬಯಲಾದದ್ದು ಇದನ್ನೇ ತೋರಿಸುತ್ತದೆ. ಒಳಗಿನವರೊಬ್ಬರು ಕೊಟ್ಟ ಸುಳಿವಿನಿಂದ ವಿಷಯ ಹೊರಬಿತ್ತು. ಹೊರಗಿನವರ ತನಿಖಾ ಸಮಿತಿ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. 64 ಮಾದರಿಗಳ ಸುರಕ್ಷತಾ ಪರೀಕ್ಷೆಗಳಲ್ಲಿ ಅಕ್ರಮ, ಅತಿ ಹಳೆಯದು 1989ರಷ್ಟು ಹಿಂದಿನದು. ಅಪಘಾತವನ್ನು ಗುರುತಿಸಿ ತಾನಾಗಿ ಉಬ್ಬಬೇಕಾದ ಗಾಳಿಚೀಲವನ್ನು ಪರೀಕ್ಷೆಯಲ್ಲಿ ಗಡಿಯಾರ ಇಟ್ಟು ಉಬ್ಬಿಸಿದ್ದರು! ಇಕ್ಕಟ್ಟಾದ ಗಡುವು, ಮೇಲಿನವರಿಗೆ ‘ಆಗುವುದಿಲ್ಲ’ ಎನ್ನಲಾರದ ವಾತಾವರಣ ಇವೇ ಕಾರಣ ಎಂದು ಸಮಿತಿ ಹೇಳಿತು. 2024ರ ಜೂನಿನಲ್ಲಿ ಸ್ವತಃ ಟೊಯೋಟದ ಏಳು ಮಾದರಿಗಳ ಪರೀಕ್ಷೆಯಲ್ಲೂ ನಿಯಮ ಮೀರಿದ್ದು ತಿಳಿದುಬಂದು ಅಕಿಯೊ ಟೊಯೋಡ ಮತ್ತೆ ತಲೆಬಾಗಿದರು.

ಬಿಡದಿಯಲ್ಲೂ 2020ರ ನವೆಂಬರಿನಿಂದ ಮುಂದಿನ ವರ್ಷದ ಮಾರ್ಚಿನವರೆಗೆ ಕೆಲಸಗಾರರಿಗೂ ಆಡಳಿತಕ್ಕೂ ತಿಕ್ಕಾಟ ನಡೆಯಿತು. ಕೆಲಸದ ಹೊರೆ ಮಿತಿಮೀರಿದೆ ಎಂದು ಯೂನಿಯನ್ ಹೇಳಿತು, ಶಿಸ್ತು ಮೀರಿದರೆಂದು ಆಡಳಿತ ಹೇಳಿತು. ಯಾರು ಸರಿ ಎಂದು ತೀರ್ಪು ಕೊಡಲು ಇದು ಜಾಗವಲ್ಲ. ಅದೇ ಕಂಪನಿ 2007ರಿಂದ ಅಲ್ಲೇ ಹಳ್ಳಿಯ ಬಡ ಮಕ್ಕಳಿಗೆ ತಾಂತ್ರಿಕ ತರಬೇತಿ ಶಾಲೆ ನಡೆಸುತ್ತಿರುವುದನ್ನೂ ಹೇಳಬೇಕು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಬೋಲ್ಟು ಸಡಿಲವಾದರೆ ಎಳೆಯಲು ಹಗ್ಗವಿದೆ. ಕೆಲಸಗಾರನ ಬೆನ್ನು ಸೋತರೆ ಎಳೆಯಲು ಹಗ್ಗ ಎಲ್ಲಿದೆ? ಪೋಪ್ ಎರಡನೆಯ ಜಾನ್ ಪೌಲರು 1981ರಲ್ಲಿ ಮಾನವ ದುಡಿಮೆಯ ಬಗ್ಗೆ ಬರೆದ ವಿಶ್ವಪತ್ರದ ತಿರುಳೇ ಇದು. ದುಡಿಮೆ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ದುಡಿಮೆಗಾಗಿ ಅಲ್ಲ.

ಕಂಪನಿಗಳ ಮಾತು ಸಾಕು. ನಮ್ಮ ಮನೆಯ ಮಾತೂ ಇದೆ. ಧರ್ಮಸಭೆಯ ಹೆಸರಿಗೆ ಕಳಂಕ ಬರಬಾರದೆಂದು ಹಲವು ದೇಶಗಳಲ್ಲಿ ಮಕ್ಕಳ ಮೇಲಾದ ದೌರ್ಜನ್ಯವನ್ನು ಹೊಣೆಯುಳ್ಳವರೇ ಮುಚ್ಚಿಟ್ಟದ್ದನ್ನು ನಾವು ನೋವಿನಿಂದ ಒಪ್ಪಬೇಕಾಗಿದೆ. ಅಂಥದು ತಿಳಿದುಬಂದರೆ ಗುರುಗಳೂ ಧಾರ್ಮಿಕರೂ ವರದಿ ಮಾಡಲೇಬೇಕು, ವರದಿ ಮಾಡಿದವರಿಗೆ ತೊಂದರೆ ಕೊಡಬಾರದು ಎಂದು ಪೋಪ್ ಫ್ರಾನ್ಸಿಸರು 2019ರಲ್ಲಿ ಕಟ್ಟಳೆ ಹೊರಡಿಸಿದರು. ಆದಿ ಧರ್ಮಸಭೆಯವರು ಹೀಗಿರಲಿಲ್ಲ. ತಮ್ಮ ನಾಯಕ ಪೇತ್ರ ಒಬ್ಬ ದಾಸಿಯ ಮುಂದೆ ಪ್ರಭುವನ್ನು ಅರಿಯೆನೆಂದ ಸಂಗತಿಯನ್ನು ಅವರು ಅಳಿಸಿಹಾಕಬಹುದಾಗಿತ್ತು. ನಾಲ್ಕು ಶುಭಸಂದೇಶಗಳಲ್ಲಿ ಒಂದೂ ಅದನ್ನು ಬಿಟ್ಟಿಲ್ಲ.

ಇನ್ನು ಕುಟುಂಬ. ಮಗನ ಕುಡಿತ, ಮಗಳ ಮನೋರೋಗ, ಸಾಲ, ಹಿಂದಿನ ಸಂಬಂಧ, ಇವನ್ನು ಮನೆತನದ ಹೆಸರಿಗಾಗಿ ಮುಚ್ಚಿ ಸಂಬಂಧ ಕುದುರಿಸುವವರು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ? ಮನೋರೋಗ ನಾಚಿಕೆಯ ವಿಷಯವಲ್ಲ, ಮುಚ್ಚಿಟ್ಟು ಮದುವೆ ಮಾಡುವುದು ನಾಚಿಕೆಯ ವಿಷಯ. ದಾಂಪತ್ಯವನ್ನೇ ಗಂಭೀರವಾಗಿ ಕದಡಬಲ್ಲ ಗುಣದೋಷವೊಂದನ್ನು ಒಪ್ಪಿಗೆ ಪಡೆಯುವ ಉದ್ದೇಶದಿಂದ ಮೋಸ ಮಾಡಿ ಮರೆಸಿದ್ದರೆ ಆ ಮದುವೆ ಊರ್ಜಿತವೇ ಅಲ್ಲ ಎಂದು 1983ರ ಧರ್ಮಸಭಾ ಕಾನೂನಿನ 1098ನೆಯ ವಿಧಿ ಹೇಳುತ್ತದೆ. ಇಲ್ಲೂ ಧರ್ಮಸಭೆ ಒಂದು ಹಗ್ಗವನ್ನು ಕಟ್ಟಿದೆ. ಭಾನುವಾರದ ಬಲಿಪೂಜೆಯಲ್ಲಿ ಓದುವ ವಿವಾಹ ಪ್ರಕಟಣೆಯೇ ಆ ಹಗ್ಗ. ಅಡ್ಡಿಯೇನಾದರೂ ತಿಳಿದಿದ್ದರೆ ಮದುವೆಗೆ ಮುಂಚೆ ಗುರುಗಳಿಗೆ ತಿಳಿಸುವುದು ಪ್ರತಿಯೊಬ್ಬ ವಿಶ್ವಾಸಿಯ ಕರ್ತವ್ಯ ಎನ್ನುತ್ತದೆ 1069ನೆಯ ವಿಧಿ. ಪಿಸುಮಾತಿಗೆ ಅದು ಅಪ್ಪಣೆಯಲ್ಲ, ಖಚಿತವಾಗಿ ತಿಳಿದದ್ದನ್ನು ತಿಳಿಸಬೇಕಾದವರಿಗೆ ಮಾತ್ರ ತಿಳಿಸುವುದು. ಗುರುಗಳು ಹೆಸರುಗಳನ್ನು ಓದುತ್ತಾರೆ. ದೇವಾಲಯದಲ್ಲಿ ನಾವೆಲ್ಲ ಕುಳಿತೇ ಇರುತ್ತೇವೆ. ಪೂಜೆ ಮುಗಿದ ಮೇಲೆ ಗುರುಗಳ ನಿವಾಸದ ಬಾಗಿಲು ತಟ್ಟುವವರು ಅಪರೂಪ. ಮದುವೆಯಾಗಿ ಆರು ತಿಂಗಳಿಗೆ ಹುಡುಗಿ ತವರಿಗೆ ಮರಳಿದ ಮೇಲೆ ‘ನಮಗೆ ಮೊದಲೇ ಗೊತ್ತಿತ್ತು’ ಎನ್ನುವವರು ಮಾತ್ರ ಬೀದಿಗೆ ನಾಲ್ಕು ಮಂದಿ ಸಿಗುತ್ತಾರೆ.